ಒಂಬತ್ತು ಸಾವಿರದ ದನಿ

ಕಳೆದ ವರ್ಷ ಆಷಾಢದ ಒಂದು ಭಾನುವಾರ ಅರಸೀಕೆರೆಯಿಂದ ನನ್ನ ತಂಗಿ ದೂರವಾಣಿಯಲ್ಲಿ ಮಾತನಾಡಿದಳು. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ ಸ್ವಲ್ಪ ಸಂಕೋಚದಿಂದಲೇ ಒಂದು ಕೆಲಸವನ್ನು ನನಗೆ ಒಪ್ಪಿಸಿದಳು. ಅವಳ ಮಗ ನಮ್ಮ ಮನೆಯಲ್ಲಿದ್ದುಕೊಂಡು ಮೈಸೂರಿನಲ್ಲಿ ಓದುತ್ತಿದ್ದಾನೆ. ಅವನ ಸಹಪಾಠಿಯೊಬ್ಬ, ತನಗೆ ಹೊಸದೊಂದು ಬಂದುದರಿಂದ, ತನ್ನ ಹಳೆಯ ವಿದ್ಯುತ್ ಗಿಟಾರನ್ನು ಇವನಿಗೆ ಹಾಗೆಯೇ ಕೊಟ್ಟುಬಿಟ್ಟಿದ್ದ. ಆನೆಯನ್ನು ದಾನವಾಗಿ ಪಡೆದವನು ಅಂಕುಶಕ್ಕೂ ಮಾವುತನಿಗೂ ತಾನೇ ದಾರಿ ನೋಡಿಕೊಳ್ಳಬೇಕಲ್ಲವೆ? ಹುಡುಗನಿಗೆ ಈಗ ಆಂಪ್ಲಿಫೈಯರ್ ಬೇಕಾಗಿತ್ತು.

“ಈ ಸಲ ಚೀಟಿ ನನಗೆ ಬಂತು ಅಣ್ಣ. ಹೊಲಿಗೆ ಯಂತ್ರದ ಸಾಲ ತೀರಿಸಿ ಒಂಬತ್ತು ಸಾವಿರ ಉಳಿದಿದೆ. ಅವನಿಗೆ ಅದೇನೋ ಪೆಟ್ಟಿಗೆ ಬೇಕಂತೆ. ಒಬ್ಬನೇ ಹೋದರೆ ಅಂಗಡಿಯವರು ಏನಾದರೊಂದನ್ನು ತಲೆಗೆ ಕಟ್ಟಿಬಿಡುತ್ತಾರೆ. ನೀನು ಜೊತೆಗೆ ಹೋಗು. ಇನ್ನೊಂದು ಸಲ ಕೊಡಿಸೋದು ನನ್ನ ಕೈಲಿ ಆಗೋಲ್ಲ” ಎಂದಳು.

ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿರುವ ನನಗೆ ಛಂದಸ್ಸಿನ ಗಣಗಳ ಲೆಕ್ಕ ಗೊತ್ತೇ ಹೊರತು ವಾಟುಗಳ ಲೆಕ್ಕ ಗೊತ್ತಿರಲಿಲ್ಲ. ಆದರೂ ಒಪ್ಪಿಕೊಂಡೆ. ಒಪ್ಪಿಕೊಳ್ಳಲು ಒಂದು ಹಳೆಯ ಕಾರಣವೂ ಇತ್ತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಹೆಸರಿನ ಮಾತು. ಆಂಪ್ಲಿಫೈಯರಿಗೆ ನಮ್ಮವರು ‘ಧ್ವನಿವರ್ಧಕ’ ಎಂಬ ಅಚ್ಚುಕಟ್ಟಾದ ಪದವನ್ನು ಟಂಕಿಸಿದರು. ಆದರೆ ಬಳಕೆಯಲ್ಲಿ ಆ ಪದ ಮೈಕನ್ನೂ, ನಡುವಿನ ಯಂತ್ರವನ್ನೂ, ಮರದ ಕೊಂಬೆಗೆ ಕಟ್ಟಿದ ತುತ್ತೂರಿಯನ್ನೂ ಒಟ್ಟಿಗೆ ಹೊತ್ತುಕೊಂಡಿದೆ. ಹಳ್ಳಿಯವರು ಇದನ್ನು ಗ್ರಹಿಸಿಯೇ ಇಡೀ ಸಂಸಾರಕ್ಕೆ ‘ಮೈಕ್‌ಸೆಟ್’ ಎಂದು ಕರೆದು ಕೈತೊಳೆದುಕೊಂಡರು. ಗಿಟಾರಿನ ಪೆಟ್ಟಿಗೆಯಲ್ಲಿಯೂ ಇಂಥದೇ ಒಂದು ಸಂಸಾರವಿದೆ: ದುರ್ಬಲವಾದ ಸಂಕೇತವನ್ನು ಎತ್ತಿಕೊಂಡು ಅದಕ್ಕೆ ಬಣ್ಣ ಕೊಡುವ ಮೊದಲ ಭಾಗ, ಬಲ ಕೊಡುವ ಎರಡನೆಯ ಭಾಗ, ಕೊನೆಗೆ ಗಾಳಿಯನ್ನು ನೂಕಿ ನಾದವನ್ನಾಗಿ ಮಾಡುವ ಕಾಗದದ ಸ್ಪೀಕರು. ಈ ಮೂರನೆಯ ಸದಸ್ಯನನ್ನು ಎಲ್ಲರೂ ಮರೆಯುತ್ತಾರೆ. ನಾನೂ ಮರೆತಿದ್ದೆ.

ಪೆಟ್ಟಿಗೆಯಿಲ್ಲದ ವಿದ್ಯುತ್ ಗಿಟಾರಿನ ಸ್ಥಿತಿ ನಿಜವಾಗಿಯೂ ಕರುಣಾಜನಕ. ಸಾಧಾರಣ ಗಿಟಾರಿಗೆ ಟೊಳ್ಳು ಹೊಟ್ಟೆಯಿದೆ. ತಂತಿಯ ಕಂಪನವನ್ನು ಅದು ಹಿಗ್ಗಿಸಿ ಕೊಡುತ್ತದೆ. ಇದಕ್ಕಾದರೋ ಬಹುಮಟ್ಟಿಗೆ ಗಟ್ಟಿ ಮರದ ಮೈ. ತಂತಿಗಳ ಕೆಳಗೆ ಅಯಸ್ಕಾಂತಗಳು, ಅವುಗಳ ಸುತ್ತ ಕೂದಲಿನಂಥ ತಾಮ್ರದ ತಂತಿಯ ಸಾವಿರಾರು ಸುತ್ತುಗಳು. ಉಕ್ಕಿನ ತಂತಿ ನಡುಗಿದಾಗ ಅಯಸ್ಕಾಂತ ಕ್ಷೇತ್ರ ಅಲುಗಿ ಸುರುಳಿಯಲ್ಲಿ ಒಂದಿಷ್ಟೇ ಇಷ್ಟು ವಿದ್ಯುತ್ತು ಹುಟ್ಟುತ್ತದೆ. ಅಷ್ಟೇ ಅದರ ಭಾಗ್ಯ. ಒಂದು ರಾತ್ರಿ ನೀರು ಕುಡಿಯಲೆಂದು ಎದ್ದಾಗ ನಮ್ಮ ಹುಡುಗ ಗಿಟಾರಿನ ತಲೆಯನ್ನು ಮರದ ಬೀರುವಿನ ಬಾಗಿಲಿಗೆ ಒತ್ತಿ ಹಿಡಿದು ನುಡಿಸುತ್ತಿದ್ದುದನ್ನು ಕಂಡೆ. ಬೀರುವಿನ ಹಲಗೆ ತಂತಿಯ ಕಂಪನವನ್ನು ಪಡೆದು ಸಣ್ಣಗೆ ಹಾಡುತ್ತಿತ್ತು. ತನ್ನ ದನಿಯನ್ನು ಕೇಳಿಕೊಳ್ಳುವುದಕ್ಕೆ ಅವನು ಕಂಡುಕೊಂಡಿದ್ದ ಉಪಾಯ ಅದು.

ಸಂಗೀತಗಾರರಿಗೆ ಈ ಸಂಕಟ ಹೊಸದಲ್ಲ. ನಮ್ಮ ಮೈಸೂರಿನ ಟಿ. ಚೌಡಯ್ಯನವರ ಮಾತನ್ನೇ ತೆಗೆದುಕೊಳ್ಳಿ. ಸಭೆಗಳಿಗೆ ಮೈಕು ಇನ್ನೂ ಸಾಮಾನ್ಯವಾಗಿ ಬಾರದಿದ್ದ ಕಾಲದಲ್ಲಿ, ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸದೆಂಬ ಕೊರಗಿನಿಂದ ಅವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿಕೊಂಡರು. ೧೯೬೭ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಭವನ ಪಿಟೀಲಿನ ಆಕಾರದಲ್ಲಿಯೇ ನಿಂತಿದೆ. ಅತ್ತ ಅಮೆರಿಕದಲ್ಲಿ ಗಿಟಾರು ಬಹುಕಾಲ ವಾದ್ಯಗೋಷ್ಠಿಯ ತುತ್ತೂರಿಗಳ ನಡುವೆ ಉಸಿರುಗಟ್ಟಿ ತಾಳ ಹಾಕುತ್ತ ಕುಳಿತಿತ್ತು. ೧೯೩೯ರಲ್ಲಿ ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣ ಬೆನ್ನಿ ಗುಡ್‌ಮನ್ನನ ಗೋಷ್ಠಿಯನ್ನು ಸೇರಿ, ಆಂಪ್ಲಿಫೈಯರಿಗೆ ಹೂಡಿದ ಗಿಟಾರಿನಿಂದ ತುತ್ತೂರಿಗೆ ಸರಿಸಮನಾಗಿ ನುಡಿಸಿದ ಮೇಲೆ ಅದಕ್ಕೆ ಮುಂದಿನ ಸಾಲಿನಲ್ಲಿ ಆಸನ ದೊರೆಯಿತು. ಹಿಂದಿನ ಸಾಲಿನವನ ಕಿವಿಯನ್ನು ಇಬ್ಬರೂ ತಲುಪಿದರು. ಒಬ್ಬರು ತಂತಿಯಿಂದ, ಇನ್ನೊಬ್ಬರು ವಿದ್ಯುತ್ತಿನಿಂದ.

ಇರಲಿ. ಮಾವ ಸೋದರಳಿಯರಿಬ್ಬರೂ ಮೊದಲ ಅಂಗಡಿಯನ್ನು ಹೊಕ್ಕೆವು. ಅಲ್ಲಿಯ ತರುಣ ಬಹು ವಿನಯಶಾಲಿ. ಹುಡುಗನ ಚೀಲದಿಂದ ಗಿಟಾರು ಹೊರಬರುವ ಮೊದಲೇ ಒಂದು ದೊಡ್ಡ ಕಪ್ಪು ಪೆಟ್ಟಿಗೆಯನ್ನು ಎಳೆದು ತಂದು ನಿಲ್ಲಿಸಿದ. “ನಲವತ್ತು ವಾಟ್ ಸಾರ್. ನೂರು ಥರದ ಸೌಂಡು. ಇದೇ ಬೆಲೆಗೆ ಬೇರೆಯವರು ಹತ್ತು ವಾಟ್ ಕೊಡ್ತಾರೆ. ನೀವೇ ಲೆಕ್ಕ ಹಾಕಿ” ಎಂದ. ಬೆಲೆ ಎಂಟು ಸಾವಿರದ ಒಂಬೈನೂರು. ಲೆಕ್ಕವೇನೋ ಸ್ಪಷ್ಟವಾಗಿತ್ತು. ನಲವತ್ತು ಹತ್ತರ ನಾಲ್ಕುಪಟ್ಟು. ಹುಡುಗನ ಕಣ್ಣು ಅರಳಿತು. ನನ್ನ ಕೈ ಜೇಬಿನತ್ತ ಹೋಯಿತು. ಹೋದ ಕೈ ಅಲ್ಲಿಯೇ ನಿಂತಿತು. “ನಾಳೆ ಬರುತ್ತೇವೆ” ಎಂದು ಹೇಳಿ ಹುಡುಗನನ್ನು ಹೊರಡಿಸಿಕೊಂಡು ಬಂದೆ. ಅವನು ದಾರಿಯುದ್ದಕ್ಕೂ ಮಾತನಾಡಲಿಲ್ಲ.

ಕೈ ನಿಂತುದಕ್ಕೆ ಕಾರಣವೇ ಆ ಹಳೆಯ ಕಥೆ. ೧೯೯೬ರಲ್ಲಿ ನಾನು ಪಿ.ಯು.ಸಿ.ಯಲ್ಲಿದ್ದೆ, ತಂಗಿ ಏಳನೆಯ ತರಗತಿ. ಅವಳು ಊರಿನ ಒಬ್ಬ ಟೀಚರಲ್ಲಿ ಸರಳೆ, ಜಂಟಿವರಸೆ ಕಲಿಯುತ್ತಿದ್ದಳು. ಶ್ರುತಿಪೆಟ್ಟಿಗೆಯೊಂದನ್ನು ಕೊಡಿಸಿ, ಆ ವರ್ಷದ ಪಾಠದ ಹಣವನ್ನು ಕಟ್ಟಬೇಕೆಂದು ಅಮ್ಮ ತೆಂಗಿನಕಾಯಿ ಮಾರಿದ ದುಡ್ಡನ್ನು ಕೂಡಿಟ್ಟಿದ್ದರು. ನಾನು ಅಪ್ಪನ ಹಿಂದೆ ಬಿದ್ದು ಆ ದುಡ್ಡಿಗೆ ಒಂದು ಟೇಪ್‌ರೆಕಾರ್ಡರನ್ನು ಕೊಳ್ಳುವಂತೆ ಮಾಡಿದೆ. ಅದರ ಎದೆಯ ಮೇಲೆ ಬಂಗಾರದ ಬಣ್ಣದ ಚೀಟಿಯಲ್ಲಿ ‘೧೦೦೦ ವಾಟ್ ಪಿ.ಎಂ.ಪಿ.ಓ.’ ಎಂದು ಅಚ್ಚಾಗಿತ್ತು. ಸಾವಿರ ವಾಟಿನ ಹಾಡು ಬೀದಿಯ ಕೊನೆಯವರೆಗೆ ಕೇಳಿಸುತ್ತದೆಂದೂ, ತಂಗಿಗೂ ಅದರಿಂದಲೇ ಸಂಗೀತ ಬರುತ್ತದೆಂದೂ ವಾದಿಸಿದೆ. ಬೀದಿಯ ಮಾತು ಹಾಗಿರಲಿ, ದನಿಯನ್ನು ಅರ್ಧಕ್ಕಿಂತ ಮೇಲೆ ಏರಿಸಿದರೆ ಆ ಯಂತ್ರ ನೆಗಡಿ ಹಿಡಿದವನಂತೆ ಗೊರಗೊರ ಎನ್ನುತ್ತಿತ್ತು. ಎರಡು ವರ್ಷಕ್ಕೆ ಮೂಲೆ ಸೇರಿತು. ತಂಗಿಯ ಪಾಠ ಅದಕ್ಕಿಂತ ಮೊದಲೇ ನಿಂತಿತ್ತು. ಅವಳು ಆ ವಿಷಯವನ್ನು ಎಂದೂ ಎತ್ತಿಲ್ಲ.

ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರು ನನ್ನ ಬಹುಕಾಲದ ಸ್ನೇಹಿತರು. ಮರುದಿನ ಅವರನ್ನು ಹಿಡಿದು ವಾಟೆಂದರೇನೆಂದು ಕೇಳಿದೆ. ಅವರು ಮೊದಲು ನಕ್ಕದ್ದು ಆ ಪಿ.ಎಂ.ಪಿ.ಓ. ಎಂಬ ಅಕ್ಷರಗಳಿಗೆ. ಕಣ್ಣು ಮಿಟುಕಿಸುವಷ್ಟು ಹೊತ್ತು ಯಂತ್ರ ಎಷ್ಟು ಎಗರಬಲ್ಲುದೆಂದು ತಯಾರಕರು ತಮಗೆ ಬೇಕಾದಂತೆ ಹಾಕಿಕೊಂಡ ಲೆಕ್ಕ ಅದು. ಯಾವ ನಿಶ್ಚಿತ ಮಾನಕ್ಕೂ ಅದು ಒಳಪಟ್ಟಿರಲಿಲ್ಲ. ಒಂದೇ ಸಮನೆ ಕೊಡಬಲ್ಲ ನಿಜವಾದ ಬಲ ಅದರ ಸಣ್ಣ ಅಂಶ ಮಾತ್ರ. ಆಮೇಲೆ ಅವರು ಹೇಳಿದ ಮಾತು ನನ್ನನ್ನು ಬೆರಗುಗೊಳಿಸಿತು. ವಾಟು ಇಮ್ಮಡಿಯಾದರೆ ಕಿವಿಗೆ ನಾದ ಇಮ್ಮಡಿಯಾಗುವುದಿಲ್ಲವಂತೆ. ಇಮ್ಮಡಿ ವಾಟಿಗೆ ಹೆಚ್ಚುವುದು ೩ ಡೆಸಿಬಲ್ ಮಾತ್ರ, ಅಂದರೆ ಕಿವಿಗೊಟ್ಟು ಕೇಳಿದರೆ ‘ಸ್ವಲ್ಪ ಜೋರಾಯಿತು’ ಎನ್ನಬಹುದಾದಷ್ಟು. ನಾದ ಇಮ್ಮಡಿಯಾಯಿತೆಂದು ಸಾಮಾನ್ಯ ಕಿವಿಗೆ ಅನ್ನಿಸಬೇಕಾದರೆ ವಾಟು ಸುಮಾರು ಹತ್ತುಪಟ್ಟಾಗಬೇಕು. ಹತ್ತು ವಾಟಿನ ಪೆಟ್ಟಿಗೆಗಿಂತ ಎರಡರಷ್ಟು ಗಟ್ಟಿ ದನಿ ಬೇಕೆಂದರೆ ನೂರು ವಾಟಿನದನ್ನು ಹೊತ್ತು ತರಬೇಕು!

“ಸ್ವಾಮಿ, ನೀವು ಎಂಜಿನ್ನನ್ನು ನೋಡುತ್ತಿದ್ದೀರಿ, ಚಕ್ರವನ್ನು ನೋಡುತ್ತಿಲ್ಲ” ಎಂದು ಅವರು ಮುಂದುವರಿಸಿದರು. ಸ್ಪೀಕರುಗಳಲ್ಲಿ ಚುರುಕಾದುವೂ ಇವೆ, ಸೋಮಾರಿಗಳೂ ಇವೆ. ಒಂದೇ ವಾಟು ಕೊಟ್ಟರೂ ಒಂದು ಸ್ಪೀಕರು ಇನ್ನೊಂದಕ್ಕಿಂತ ೩ ಡೆಸಿಬಲ್ ಹೆಚ್ಚು ನುಡಿಯಬಹುದು. ಆಗ ಚುರುಕಿನ ಸ್ಪೀಕರಿನ ಹತ್ತು ವಾಟೂ ಸೋಮಾರಿ ಸ್ಪೀಕರಿನ ಇಪ್ಪತ್ತು ವಾಟೂ ಒಂದೇ. ಅಗ್ಗದ ಪೆಟ್ಟಿಗೆಯಲ್ಲಿ ದೊಡ್ಡ ಅಂಕಿಯನ್ನು ಅಚ್ಚುಹಾಕಲು ತಯಾರಕನಿಗೆ ಹೆಚ್ಚು ಖರ್ಚಿಲ್ಲ. ಒಳ್ಳೆಯ ಸ್ಪೀಕರನ್ನೂ ಗಟ್ಟಿ ಹಲಗೆಯನ್ನೂ ಕೊಡಲು ಖರ್ಚಿದೆ. ಆದ್ದರಿಂದ ಬೆಲೆ ಕಡಮೆಯಾಗಿ ಅಂಕಿ ಜಾಸ್ತಿಯಾದರೆ ಉಳಿತಾಯ ಎಲ್ಲಿ ನಡೆದಿದೆಯೆಂದು ಊಹಿಸಬಹುದು. ಸುಮಾರು ಹತ್ತು ಅಡಿಯ ಕೋಣೆಯಲ್ಲಿ ಅಭ್ಯಾಸ ಮಾಡುವವನಿಗೆ ಐದರಿಂದ ಹದಿನೈದು ವಾಟು ಧಾರಾಳ. ಡ್ರಮ್ ಬಾರಿಸುವವನ ಪಕ್ಕದಲ್ಲಿ ನಿಂತು ನುಡಿಸುವುದಾದರೆ ಅದು ಸಾಲದು, ನಿಜ; ಆದರೆ ಅಂಥ ಸಭೆಯಲ್ಲಿ ಪುಟ್ಟ ಪೆಟ್ಟಿಗೆಯ ಮುಂದೆ ಒಂದು ಮೈಕನ್ನು ಇಟ್ಟು ಮೈಕ್‌ಸೆಟ್ಟಿನವನ ಕೊರಳಿಗೆ ಅದನ್ನು ಕಟ್ಟಬಹುದು. ವೃತ್ತಿಯವರೂ ಹಾಗೆಯೇ ಮಾಡುತ್ತಾರೆ.

ಇಷ್ಟು ತಿಳಿದ ಮೇಲೆ ನನ್ನ ಜಿಪುಣಬುದ್ಧಿ ಇನ್ನೊಂದು ದಾರಿ ಹಿಡಿಯಿತು. ಮನೆಯಲ್ಲಿ ಹಾಡು ಕೇಳುವ ಯಂತ್ರವೊಂದು ಇದ್ದೇ ಇದೆ. ಗಿಟಾರಿನ ತಂತಿಯನ್ನು ಅದಕ್ಕೇ ಸಿಕ್ಕಿಸಿದರೆ ಒಂಬತ್ತು ಸಾವಿರವೂ ಉಳಿಯಿತಲ್ಲ? ಸಿಕ್ಕಿಸಿಯೂ ನೋಡಿದೆವು. ಹೊರಬಂದ ನಾದ ಕಂಬಳಿಯೊಳಗಿನಿಂದ ಮಾತನಾಡುವವನ ದನಿಯಂತಿತ್ತು. ಹುಡುಗ ಗೆಳೆಯನಿಂದ ಎರವಲು ತಂದ ಕರ್ಕಶತೆಯ ಪುಟ್ಟ ಪೆಟ್ಟಿಗೆಯೊಂದನ್ನು ನಡುವೆ ಸೇರಿಸಿದ. ಆಗ ಕಣಜದ ಗೂಡಿಗೆ ಕಲ್ಲು ಬಿದ್ದಂತಾಯಿತು.

ದೇವರಾಜ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ವಾಲ್ವ್ ರೇಡಿಯೋಗಳ ಕಾಲದಿಂದ ರಿಪೇರಿ ಮಾಡಿಕೊಂಡು ಬಂದ ವೃದ್ಧರೊಬ್ಬರಿದ್ದಾರೆ. ಅವರ ಮುಂದೆ ಈ ರೋಗಲಕ್ಷಣವನ್ನು ನಿವೇದಿಸಿದೆವು. ಅವರು ಕನ್ನಡಕವನ್ನು ಹಣೆಗೇರಿಸಿ, “ಮೇಷ್ಟ್ರೇ, ಅದು ಬೇರೆ ಜಾತಿ, ಇದು ಬೇರೆ ಜಾತಿ” ಎಂದರು. ಗಿಟಾರಿನ ಸುರುಳಿ ಕೊಡುವ ಸಂಕೇತ ಎಳೆಯ ಮಗುವಿನಂತೆ. ಅದನ್ನು ಜಗ್ಗದೆ ಮೆಲ್ಲಗೆ ಎತ್ತಿಕೊಳ್ಳುವ ಬಾಗಿಲು ಬೇಕು. ಗಿಟಾರಿನ ಪೆಟ್ಟಿಗೆಯ ಬಾಗಿಲಿನ ತಡೆ ಸಾಮಾನ್ಯವಾಗಿ ಹತ್ತು ಲಕ್ಷ ಓಮ್‌ನ ಆಸುಪಾಸಿನದು. ಮನೆಯ ಯಂತ್ರದ್ದು ಕೆಲವು ಹತ್ತು ಸಾವಿರ ಮಾತ್ರ. ಅಲ್ಲಿ ಸಂಕೇತದ ಮೇಲಿನ ಸ್ವರಗಳೆಲ್ಲ ಜಗ್ಗಿಹೋಗಿ ದನಿ ಮಂಕಾಗುತ್ತದೆ. ಇನ್ನು ಸ್ಪೀಕರು. ಮನೆಯ ಯಂತ್ರದ ಸ್ಪೀಕರು ಜಾಗಟೆಯ ಝೇಂಕಾರದಿಂದ ಹಿಡಿದು ಎಲ್ಲವನ್ನೂ ನಿಷ್ಠೆಯಿಂದ ಒಪ್ಪಿಸಬೇಕಾದ ಸಾಕ್ಷಿ. ಗಿಟಾರಿನ ಸ್ಪೀಕರು ಹಾಗಲ್ಲ. ಸೆಕೆಂಡಿಗೆ ಸುಮಾರು ೫೦೦೦ ಕಂಪನಗಳಿಂದ ಮೇಲಿನ ಕೀರಲನ್ನು ಅದು ಬಹುಮಟ್ಟಿಗೆ ನುಂಗಿಕೊಳ್ಳುತ್ತದೆ. ಆ ನುಂಗುವಿಕೆಯೇ ನಾವು ಮೆಚ್ಚುವ ಗಿಟಾರಿನ ದನಿ. ಹೀಗಾಗಿ ಈ ಪೆಟ್ಟಿಗೆ ವಾದ್ಯದ ಅರ್ಧಭಾಗವೇ ಸರಿ. ತಂಬೂರಿಗೆ ಸೋರೆಬುರುಡೆ ಹೇಗೋ ಇದಕ್ಕೆ ಅದು ಹಾಗೆ.

ಇದೇ ಹೊತ್ತಿಗೆ ನ್ಯೂಜೆರ್ಸಿಯಲ್ಲಿರುವ ನನ್ನ ಭಾವಮೈದ ಒಂದು ಉದಾರವಾದ ಸೂಚನೆಯನ್ನು ಕಳುಹಿಸಿದ. ತನ್ನ ಮಗ ನುಡಿಸಿ ಬಿಟ್ಟ ಒಳ್ಳೆಯ ಪೆಟ್ಟಿಗೆಯೊಂದು ನೆಲಮಾಳಿಗೆಯಲ್ಲಿ ಬಿದ್ದಿದೆ, ಬರುವಾಗ ತರುತ್ತೇನೆ ಎಂದ. ಮನೆಯಲ್ಲಿ ಹಬ್ಬದ ವಾತಾವರಣ. ಪುಣ್ಯಕ್ಕೆ ರಿಪೇರಿಯ ಹಿರಿಯರು ಪೆಟ್ಟಿಗೆಯ ಬೆನ್ನಿನ ಮೇಲೆ ಏನು ಬರೆದಿದೆಯೆಂದು ಕೇಳಿಸಿದರು. ೧೨೦ ವೋಲ್ಟ್ ಎಂದಿತ್ತು. ನಮ್ಮ ಗೋಡೆಯಲ್ಲಿ ಹರಿಯುವುದು ೨೩೦. ಹಾಗೆಯೇ ಸಿಕ್ಕಿಸಿದ್ದರೆ ಒಂದು ಕ್ಷಣದಲ್ಲಿ ಫ್ಯೂಸು, ಅದೃಷ್ಟ ಇನ್ನೂ ಕೆಟ್ಟಿದ್ದರೆ ಟ್ರಾನ್ಸ್‌ಫಾರ್ಮರು, ಭಸ್ಮವಾಗುತ್ತಿತ್ತು. ವೋಲ್ಟನ್ನು ಇಳಿಸುವ ಬೇರೊಂದು ಟ್ರಾನ್ಸ್‌ಫಾರ್ಮರನ್ನು ಕೊಳ್ಳಬಹುದು. ಅದಕ್ಕೆ ಎರಡೂವರೆ ಸಾವಿರ ಎಂದರು. ಪೆಟ್ಟಿಗೆಯ ತೂಕಕ್ಕೆ ವಿಮಾನದವರು ಕೇಳುವ ಹಣ ಬೇರೆ. ವಿದೇಶದ ನಂಟರಿಂದ ಇಂಥ ಕೊಡುಗೆ ಬರಲಿರುವ ಮನೆಗಳು ನಮ್ಮಲ್ಲಿ ಈಗ ಬಹಳ. ಅವರು ಬೆನ್ನಿನ ಬರಹವನ್ನು ಮೊದಲು ಓದಿಸಿಕೊಳ್ಳಲಿ ಎಂದು ಇದನ್ನು ಬರೆದೆ. ಕೆಲವು ಪೆಟ್ಟಿಗೆಗಳು ಎರಡೂ ವೋಲ್ಟುಗಳಿಗೆ ಒಗ್ಗುವಂತೆ ಇರುತ್ತವೆ. ಭಾವಮೈದನದು ಅಂಥದಲ್ಲ.

ಹುಡುಗನ ಮನಸ್ಸಿನಲ್ಲಿ ಮಾತ್ರ ಬೇರೊಂದು ಕೊರಗು ಮನೆಮಾಡಿತ್ತು. ನಿಜವಾದ ದನಿ ವಾಲ್ವಿನ ಪೆಟ್ಟಿಗೆಯಿಂದಲೇ ಬರುವುದೆಂದೂ, ಟ್ರಾನ್ಸಿಸ್ಟರಿನವು ಬಡವರ ಪಾಲಿನವೆಂದೂ ಅವನ ಗೆಳೆಯರು ಅವನ ತಲೆಯಲ್ಲಿ ತುಂಬಿದ್ದರು. ವಾಲ್ವಿನ ನಾದಕ್ಕೆ ಒಂದು ಮಾಧುರ್ಯವಿದೆಯೆಂಬುದನ್ನು ಅಲ್ಲಗಳೆಯಲಾರೆ. ಮಿತಿಮೀರಿ ನುಡಿಸಿದಾಗ ಅದು ಥಟ್ಟನೆ ಒಡೆಯದೆ ಮೆಲ್ಲಗೆ ಬಿರಿಯುತ್ತದೆ. ಆದರೆ ಆ ಬಿರಿತ ಬರಬೇಕಾದರೆ ಪೆಟ್ಟಿಗೆಯನ್ನು ಗಟ್ಟಿಯಾಗಿಯೇ ನುಡಿಸಬೇಕು. ವಾಲ್ವುಗಳು ಸವೆಯುತ್ತವೆ, ಕೆಲವು ವರ್ಷಗಳಿಗೊಮ್ಮೆ ಬದಲಾಯಿಸಬೇಕು. ಒಳಗೆ ನೂರಾರು ವೋಲ್ಟುಗಳು ಹರಿಯುವುದರಿಂದ ಕುತೂಹಲಕ್ಕೆ ಮುಚ್ಚಳ ತೆರೆದವನಿಗೆ ಪ್ರಾಣಾಪಾಯವೂ ಇದೆ. ನಾನು ಇದನ್ನೆಲ್ಲ ಹೇಳಿದೆ. ಅವನು ತಲೆಯಾಡಿಸಿದ. ಮುಖ ಮಾತ್ರ ಹಾಗೆಯೇ ಇತ್ತು. ಬಡವನಿಗೆ ತಕ್ಕದ್ದು ಇದು ಎಂಬ ಉಪದೇಶ ಎಷ್ಟು ಸಮಂಜಸವಾಗಿದ್ದರೂ ಹದಿನೆಂಟರ ವಯಸ್ಸಿಗೆ ಹಿಡಿಸುವುದಿಲ್ಲ.

ಆದ್ದರಿಂದ ಉಪದೇಶವನ್ನು ಬಿಟ್ಟು ಇತಿಹಾಸವನ್ನು ಹಿಡಿದೆ. ಈ ವಾದ್ಯದ ಇತಿಹಾಸವೆಂದರೆ ಬಹುಪಾಲು ಅಗ್ಗದ ಪೆಟ್ಟಿಗೆಗಳ ಇತಿಹಾಸವೆಂಬುದು ಓದುತ್ತ ಹೋದಂತೆ ನನಗೇ ಸ್ಪಷ್ಟವಾಯಿತು. ಕ್ಯಾಲಿಫೋರ್ನಿಯದ ಫುಲರ್‌ಟನ್ನಿನಲ್ಲಿ ರೇಡಿಯೋ ರಿಪೇರಿಯ ಅಂಗಡಿಯಿಟ್ಟಿದ್ದ ಲಿಯೊ ಫೆಂಡರನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಅವನ ಕಂಪೆನಿ ಕಲಿಯುವ ಮಕ್ಕಳಿಗೆಂದು ಮಾರಿದ ‘ಚಾಂಪ್’ ಎಂಬ ಪುಟ್ಟ ಪೆಟ್ಟಿಗೆಯ ಬಲ ಸುಮಾರು ಐದು ವಾಟು. ೧೯೭೦ರಲ್ಲಿ ಎರಿಕ್ ಕ್ಲಾಪ್ಟನ್, ಆ ಹೊತ್ತಿಗೆ ಲೋಕಪ್ರಸಿದ್ಧನಾಗಿದ್ದವನು, ‘ಲೈಲಾ’ ಹಾಡಿರುವ ಧ್ವನಿಮುದ್ರಿಕೆಯಲ್ಲಿ ಬಳಸಿದ್ದು ಇಂಥ ಮಕ್ಕಳ ಪೆಟ್ಟಿಗೆಯನ್ನೇ. (ಆ ಹೆಸರು ಬಂದದ್ದು ಪಾರಸಿಯ ನಿಜಾಮಿಯ ಲೈಲಾ ಮಜನೂ ಕಾವ್ಯದಿಂದ ಎಂಬುದನ್ನು ನನ್ನಂಥ ಕಾವ್ಯದ ಮೇಷ್ಟರು ಹೇಳದೆ ಬಿಡುವುದು ಹೇಗೆ?) ಲಂಡನ್ನಿನ ಹ್ಯಾನ್‌ವೆಲ್ಲಿನಲ್ಲಿ ಡ್ರಮ್ಮುಗಳ ವ್ಯಾಪಾರಿಯಾಗಿದ್ದ ಜಿಮ್ ಮಾರ್ಷಲ್ ೧೯೬೨ರಲ್ಲಿ ತನ್ನ ಮೊದಲ ಪೆಟ್ಟಿಗೆಯನ್ನು ಹೊರತಂದ. ಅಮೆರಿಕದ ಫೆಂಡರ್ ಪೆಟ್ಟಿಗೆಗಳು ಆಮದಾಗಿ ಬರುವಾಗ ತರುಣರ ಕೈಗೆಟುಕದಷ್ಟು ದುಬಾರಿಯಾಗುತ್ತಿದ್ದುವು. ಅವುಗಳಲ್ಲೊಂದರ ಮಾದರಿಯ ಮೇಲೆ ಅಲ್ಲಿಯೇ ಸಿಕ್ಕುವ ಭಾಗಗಳಿಂದ ಅವನೂ ಅವನ ಜೊತೆಗಾರರೂ ಕಟ್ಟಿದ್ದು ಅದು.

ಕೆಟ್ಟ ಪೆಟ್ಟಿಗೆಗಳ ಕಥೆಯಂತೂ ಇನ್ನೂ ಸ್ವಾರಸ್ಯ. ೧೯೫೧ರಲ್ಲಿ ಐಕ್ ಟರ್ನರನ ಮೇಳ ‘ರಾಕೆಟ್ ೮೮’ ಹಾಡನ್ನು ಮುದ್ರಿಸಲು ಮೆಂಫಿಸ್ಸಿಗೆ ಬರುವ ದಾರಿಯಲ್ಲಿ ಗಿಟಾರಿನ ಪೆಟ್ಟಿಗೆ ಜಖಂ ಆಯಿತು. ಬದಲಿಗೆ ಬೇರೆಯದಿಲ್ಲ. ಸ್ಯಾಮ್ ಫಿಲಿಪ್ಸ್ ಕಾಗದವನ್ನು ತುರುಕಿ ಹರಿದ ಸ್ಪೀಕರನ್ನು ನಿಲ್ಲಿಸಿದ. ಆ ಗೊಗ್ಗರು ದನಿಯನ್ನೇ ಜನ ಮೆಚ್ಚಿಕೊಂಡರು. ೧೯೬೪ರಲ್ಲಿ ಲಂಡನ್ನಿನ ಡೇವ್ ಡೇವಿಸ್ ಎಂಬ ಹದಿಹರೆಯದವನು ಎಲ್ಪಿಕೊ ಎಂಬ ಅಗ್ಗದ ಪುಟ್ಟ ಪೆಟ್ಟಿಗೆಯ ಸ್ಪೀಕರಿನ ಕಾಗದವನ್ನು ಕ್ಷೌರದ ಬ್ಲೇಡಿನಿಂದ ಸೀಳಿ ನುಡಿಸಿದ. ನಮ್ಮ ಹುಡುಗನಿಗೆ ಬಹಳ ಹಿಡಿಸಿದ್ದು ಜಾನ್ ಡೀಕನ್ನನ ಪ್ರಸಂಗ. ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ಈ ವಿದ್ಯಾರ್ಥಿ ಎಪ್ಪತ್ತರ ದಶಕದ ಆರಂಭದಲ್ಲಿ ಲಂಡನ್ನಿನ ಬೀದಿಯ ಕಸದ ತೊಟ್ಟಿಯಲ್ಲಿ ಬಿದ್ದಿದ್ದ ಒಂದು ಸರ್ಕಿಟ್ ಹಲಗೆಯನ್ನು ಎತ್ತಿಕೊಂಡು, ಹಳೆಯ ಸ್ಪೀಕರಿನ ಗೂಡಿನಲ್ಲಿ ಕೂಡಿಸಿ, ಬ್ಯಾಟರಿಯಿಂದ ನಡೆಯುವ ಟ್ರಾನ್ಸಿಸ್ಟರಿನ ಪೆಟ್ಟಿಗೆಯೊಂದನ್ನು ಮಾಡಿಕೊಂಡ. ಅದಕ್ಕೆ ತಿರುಗಿಸುವ ಒಂದು ಗುಂಡಿಯೂ ಇರಲಿಲ್ಲ. ಅವನ ‘ಕ್ವೀನ್’ ಮೇಳದ ಬ್ರಯನ್ ಮೇ ಅದರ ನಾದವನ್ನು ಪದರ ಪದರವಾಗಿ ಮುದ್ರಿಸಿ ಗಿಟಾರುಗಳಿಂದಲೇ ಪಿಟೀಲು ತುತ್ತೂರಿಗಳ ಗೋಷ್ಠಿಯ ಭ್ರಮೆಯನ್ನು ಹುಟ್ಟಿಸಿದ. ಆ ಮೇಳದ ಗಾಯಕ ಫ್ರೆಡಿ ಮರ್ಕ್ಯುರಿ ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗನಿಯಲ್ಲಿ ಶಾಲೆ ಕಲಿತವನು.

“ಟ್ರಾನ್ಸಿಸ್ಟರಾ ಮಾವ? ನಿಜವಾಗ್ಲೂ?” ಎಂದು ಹುಡುಗ ಮತ್ತೆ ಮತ್ತೆ ಕೇಳಿದ. ಅಂದು ಅವನು ಊಟ ಸರಿಯಾಗಿ ಮಾಡಿದ.

ಮುಂದಿನ ಶನಿವಾರ ಇನ್ನೊಂದು ಅಂಗಡಿಗೆ ಹೋದೆವು. ಈ ಸಲ ಗಿಟಾರು ನಮ್ಮದೇ. ಅಂಗಡಿಯ ದುಬಾರಿ ಗಿಟಾರಿನಿಂದ ಪರೀಕ್ಷಿಸಿದರೆ ಯಾವ ಪೆಟ್ಟಿಗೆಯೂ ಚೆನ್ನಾಗಿಯೇ ಕೇಳಿಸುತ್ತದೆ. ನಾನು ಒಂದು ಷರತ್ತು ಹಾಕಿದೆ. ಹುಡುಗ ಗೋಡೆಗೆ ಮುಖಮಾಡಿ ನಿಂತು ನುಡಿಸಬೇಕು. ಅಂಗಡಿಯ ಸಹಾಯಕ ಹೇಳದೆ ಕೇಳದೆ ತಂತಿಯನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಬದಲಾಯಿಸಬೇಕು. ಗುಂಡಿಗಳೆಲ್ಲ ನಡುಮಟ್ಟದಲ್ಲಿ, ಅಲಂಕಾರಗಳೆಲ್ಲ ಬಂದ್. ವೇಗದ ಕಸರತ್ತು ಬೇಡ. ಒಂದು ಸ್ವರವನ್ನು ಮೀಟಿ ಅದು ಆರುವವರೆಗೂ ಕೇಳಬೇಕು. ನಾಲ್ಕು ಪೆಟ್ಟಿಗೆಗಳಲ್ಲಿ ಅವನು ಮೂರು ಸಲವೂ ಒಂದನ್ನೇ ಆರಿಸಿದ. ಹಿಂದಿರುಗಿ ನೋಡಿದರೆ ಅದು ಅಲ್ಲಿದ್ದುವುಗಳಲ್ಲಿ ಅತ್ಯಂತ ಸಾದಾ ಆದದ್ದು: ಹದಿನೈದು ವಾಟು, ಎಂಟು ಅಂಗುಲದ ಸ್ಪೀಕರು, ಆರೇ ಗುಂಡಿಗಳು. ನೂರು ಬಗೆಯ ದನಿಗಳಿದ್ದ ಡಿಜಿಟಲ್ ಪೆಟ್ಟಿಗೆಯನ್ನು ಒಮ್ಮೆಯೂ ಆರಿಸಲಿಲ್ಲ. ಅವುಗಳ ವಿಷಯದಲ್ಲಿ ನನಗೆ ದ್ವೇಷವಿಲ್ಲ. ಇಯರ್‌ಫೋನ್ ಹಾಕಿಕೊಂಡು ರಾತ್ರಿಯೆಲ್ಲ ನುಡಿಸುವವರಿಗೆ ಅವು ಉಪಕಾರಿ. ಕಂಪ್ಯೂಟರು ಇದ್ದವರು ಪೆಟ್ಟಿಗೆಯನ್ನೇ ಕೊಳ್ಳದೆ, ಗಿಟಾರಿಗೂ ಕಂಪ್ಯೂಟರಿಗೂ ನಡುವೆ ಒಂದು ಸಣ್ಣ ಯಂತ್ರವನ್ನಿಟ್ಟು ಕೆಲಸ ಸಾಗಿಸುವುದೂ ಉಂಟು. ಆದರೆ ಇಷ್ಟೇ ಹಣದಲ್ಲಿ ನೂರು ದನಿಗಳನ್ನು ಕೊಡುವವನು ನೂರನ್ನೂ ತೆಳುವಾಗಿಯೇ ಕೊಡುತ್ತಾನೆ ಎಂಬುದು ನನ್ನ ಅಭಿಪ್ರಾಯ.

ಆ ಸಾದಾ ಪೆಟ್ಟಿಗೆಯ ಬೆಲೆ ಕೇಳಿದೆವು. ಹತ್ತೂವರೆ ಸಾವಿರ!

ಹುಡುಗ ನನ್ನ ಮುಖ ನೋಡಿದ. ನನ್ನ ಕೈಯಿಂದ ಉಳಿದದ್ದನ್ನು ಹಾಕಿಬಿಡೋಣವೆಂದು ನನಗೂ ಅನ್ನಿಸಿತು. ಆದರೆ ಅವನೇ “ಬೇಡ ಮಾವ. ಅಮ್ಮನಿಗೆ ಗೊತ್ತಾದರೆ ಬೇಜಾರು ಮಾಡ್ಕೋತಾರೆ. ಇದೇ ಹಳೇದು ಎಲ್ಲಾದ್ರೂ ಸಿಗುತ್ತೆ” ಎಂದ. ಯಾವುದು ಬೇಕೆಂಬುದು ಗೊತ್ತಾದ ಮೇಲೆ ಹುಡುಕುವುದು ಕಷ್ಟವಾಗಲಿಲ್ಲ. ಹದಿನೈದು ದಿನಗಳೊಳಗೆ, ಎಂಜಿನಿಯರಿಂಗ್ ಮುಗಿಸಿ ಪುಣೆಗೆ ಕೆಲಸಕ್ಕೆ ಹೊರಟಿದ್ದ ವಿದ್ಯಾರ್ಥಿಯೊಬ್ಬನ ಕೋಣೆಯಲ್ಲಿ ಅದೇ ಮಾದರಿಯದು ದೊರೆಯಿತು. ಅವನು ಆರೂವರೆ ಸಾವಿರ ಹೇಳಿದ.

ರಿಪೇರಿಯ ಹಿರಿಯರು ನಮಗೆ ಮೊದಲೇ ಪಾಠ ಹೇಳಿ ಕಳುಹಿಸಿದ್ದರು. ಹಳೆಯ ಪೆಟ್ಟಿಗೆಯನ್ನು ಕೊಳ್ಳುವವನು ಹಸುವನ್ನು ಕೊಳ್ಳುವವನಂತೆ ಮೈಮುಟ್ಟಿ ನೋಡಬೇಕು. ಸ್ಪೀಕರಿನ ಕಾಗದ ಹರಿದಿದೆಯೆ? ಎರಡು ಕೈಯ ಬೆರಳುಗಳಿಂದ ಅದನ್ನು ಸಮನಾಗಿ, ಮೆಲ್ಲಗೆ ಒತ್ತಿದರೆ ಒಳಗಿನ ಸುರುಳಿ ಗೀರುವ ಸದ್ದು ಬರುತ್ತದೆಯೆ? ಬಂದರೆ ಅದು ಸುಟ್ಟದ್ದು ಅಥವಾ ಸೊಟ್ಟಾದದ್ದು, ಕೈಬಿಡಿ. ಗುಂಡಿಯನ್ನು ತಿರುಗಿಸುವಾಗ ಬರುವ ಕರಕರ ಸದ್ದಿಗೆ ಹೆದರಬೇಡಿ, ಅದು ಧೂಳು; ತೊಳೆದರೆ ಹೋಗುತ್ತದೆ, ಆದರೆ ಅದನ್ನೇ ತೋರಿಸಿ ಬೆಲೆ ಇಳಿಸಿ. ತಂತಿ ಸಿಕ್ಕಿಸುವ ತೂತು ಸಡಿಲವಾಗಿದೆಯೆ, ಬೆನ್ನಿನಿಂದ ಸುಟ್ಟ ವಾಸನೆ ಬರುತ್ತಿದೆಯೆ ನೋಡಿ. ಅರ್ಧಗಂಟೆ ಉರಿಸಿ, ಬಿಸಿಯಾದ ಮೇಲೂ ದನಿ ಹಾಗೆಯೇ ಇದೆಯೆ ಕೇಳಿ. ಎಲ್ಲವನ್ನೂ ಹಾಗೆಯೇ ಮಾಡಿದೆವು. ಎರಡು ಗುಂಡಿಗಳು ಕರಕರ ಎಂದವು. ಐದು ಸಾವಿರದ ಎಂಟುನೂರಕ್ಕೆ ವ್ಯಾಪಾರ ಕುದುರಿತು. ಗುಂಡಿಗಳನ್ನು ತೊಳೆದುದಕ್ಕೆ ಹಿರಿಯರು ಇನ್ನೂರು ತೆಗೆದುಕೊಂಡರು. ಒಳ್ಳೆಯ ತಂತಿಯೊಂದಕ್ಕೆ ಏಳುನೂರು. ಇಲ್ಲಿ ಜಿಪುಣತನ ಸಲ್ಲದು. ಅಗ್ಗದ ತಂತಿ ತುದಿಯಲ್ಲಿ ಕಿತ್ತು ಬಂದಾಗ ಜನ ಪೆಟ್ಟಿಗೆಯನ್ನು ಬೈಯುತ್ತಾರೆ. ಒಟ್ಟು ಆರು ಸಾವಿರದ ಏಳುನೂರು.

ಮನೆಯಲ್ಲಿ ಸಿಕ್ಕಿಸಿದಾಗ ಹಾಡಿಗಿಂತ ಮೊದಲು ಬಂದದ್ದು ಗುಂಯ್ ಎಂಬ ನಾದ. ಹುಡುಗ ತಂತಿಗಳನ್ನು ಕೈಯಿಂದ ಮುಟ್ಟಿದರೆ ಅದು ತಗ್ಗುತ್ತಿತ್ತು, ಬಿಟ್ಟರೆ ಏರುತ್ತಿತ್ತು. ಮೋಸಹೋದೆವೇನೋ ಎಂದು ನನ್ನ ಎದೆ ಹಾರಿತು. ಭೌತಶಾಸ್ತ್ರದ ಸ್ನೇಹಿತರು ಬಂದು ನೋಡಿ, ದೋಷ ಪೆಟ್ಟಿಗೆಯದಲ್ಲ ನಿಮ್ಮ ಮನೆಯದು ಎಂದರು. ಆ ಕೋಣೆಯ ಮೂರು ತೂತಿನ ಸಾಕೆಟ್ಟಿನಲ್ಲಿ ಮೇಲಿನ ದೊಡ್ಡ ತೂತಿಗೆ, ಅಂದರೆ ಭೂಮಿಯ ಸಂಪರ್ಕಕ್ಕೆ, ತಂತಿಯನ್ನೇ ಕೂಡಿಸಿರಲಿಲ್ಲ. ಹನ್ನೊಂದು ವರ್ಷ ಆ ಮನೆಯಲ್ಲಿ ನಾವು ಇಸ್ತ್ರಿ ಪೆಟ್ಟಿಗೆಯನ್ನು ಅಲ್ಲಿಯೇ ಸಿಕ್ಕಿಸಿ ಬದುಕಿದ್ದುದು ಯಾರ ಪುಣ್ಯವೋ! ವಿದ್ಯುತ್ ಕೆಲಸದವನು ಬಂದು ಸರಿಪಡಿಸಿದ ಮೇಲೆ ಗುಂಯ್ ಎಂಬುದು ಬಹುಪಾಲು ಅಡಗಿತು. ಉಳಿದ ಸ್ವಲ್ಪ ಆ ಜಾತಿಯ ಗಿಟಾರಿನ ಸುರುಳಿಗೆ ಸಹಜವಂತೆ.

ತಂಗಿ ನವರಾತ್ರಿಗೆ ಬಂದಳು. ಉಳಿದ ಎರಡು ಸಾವಿರದ ಮುನ್ನೂರನ್ನು ಅವಳ ಕೈಗಿಟ್ಟೆ. ಎಣಿಸಿ, ಮಗನ ಮುಂದಿನ ಪರೀಕ್ಷೆಯ ಶುಲ್ಕಕ್ಕೆಂದು ನನಗೇ ಹಿಂದಿರುಗಿಸಿದಳು. ಸಂಜೆ ದೀಪ ಹಚ್ಚಿದ ಮೇಲೆ ಹುಡುಗ ತಾನು ಕಲಿತದ್ದನ್ನು ನುಡಿಸಿ ತೋರಿಸಿದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು. ಮುಗಿದ ಮೇಲೆ ಪೆಟ್ಟಿಗೆಯ ಹತ್ತಿರ ಹೋಗಿ ಕುಳಿತು, “ಇಷ್ಟು ಜೋರು ಬೇಡ ಕಣೋ. ಒಂದೇ ತಂತೀನ ಮೆಲ್ಲಗೆ ಮೀಟ್ತಾ ಇರೋದಕ್ಕಾಗುತ್ತಾ? ನಿಲ್ಲಿಸ್ಬೇಡ” ಎಂದಳು. ಅವನು ಗುಂಡಿಯನ್ನು ಎರಡಕ್ಕೆ ಇಳಿಸಿ ಮೀಟತೊಡಗಿದ. ಅವಳು ಇನ್ನೊಂದಿಷ್ಟು ಏರಿಸು, ಇನ್ನೊಂದಿಷ್ಟು ಎನ್ನುತ್ತ ತನಗೆ ಒಗ್ಗುವ ಷಡ್ಜಕ್ಕೆ ಅದನ್ನು ತಂದು ನಿಲ್ಲಿಸಿದಳು. ಆಮೇಲೆ ಕಣ್ಣು ಮುಚ್ಚಿ ಸರಳೆಯ ಮೊದಲ ವರಸೆಯನ್ನು ಹಿಡಿದಳು. ನಾಲ್ಕನೆಯದರಲ್ಲಿ ತಪ್ಪಿ, ನಕ್ಕು, ಮತ್ತೆ ಮೊದಲಿನಿಂದ ಪ್ರಾರಂಭಿಸಿದಳು.